ಕೋಣೆಗೊಬ್ಬ ಹಿರಿಯ

ಗಲ್ಫಿನ ಮೆಸಯೀದ್‌ನಲ್ಲಿ, ಕಾರ್ಖಾನೆಗಳ ಹಿಂಬದಿಗೆ ಇರುವ ನಮ್ಮ ಕಂಪನಿಯ ಕೆಲಸಗಾರರ ಕ್ಯಾಂಪಿನಲ್ಲಿ ನಾನು ಹನ್ನೊಂದು ವರ್ಷದಿಂದ ಕ್ಯಾಂಪ್ ಬಾಸ್. ಬಾಗಲಕೋಟೆಯಲ್ಲಿರುವ ನನ್ನ ತಮ್ಮ ಯಾರಿಗಾದರೂ ಇದನ್ನು ಹೇಳುವಾಗ ‘ಬಾಸ್’ ಅನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳುತ್ತಾನೆ. ನಾನು ತಿದ್ದಲು ಹೋಗಿಲ್ಲ. ಮಂಚ, ಹಾಸಿಗೆ, ನಲ್ಲಿ, ಗ್ಯಾಸ್ ಒಲೆ, ಪಾಯಖಾನೆಯ ಚಿಲಕ, ಕೆಟ್ಟು ನಿಂತ ಏಸಿ, ಇವುಗಳಿಗೆ ನಾನು ಬಾಸ್. ಇವನ್ನು ಬಳಸುವ ನೂರ ಅರವತ್ತು ಗಂಡಸರಿಗೆ ನಾನು ಬೈಯಲು ಕೈಗೆ ಸಿಗುವ ಮನುಷ್ಯ, ಅಷ್ಟೆ.

ನಲವತ್ತು ಕೋಣೆ, ಕೋಣೆಗೆ ನಾಲ್ಕು ಮಂಚ. ಹೊಸಬರು ಬರುವ ದಿನ ನನ್ನ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಬಸ್ಸಿನಿಂದ ಇಳಿದವರ ತಲೆ ಎಣಿಸುವುದು, ಒಂದು ದಿಂಬು, ಒಂದು ಕಂಬಳಿ ಕೊಡುವುದು, ‘ಯಲ್ಲಾ, ನಡೀರಿ, ನೀನು ಹದಿನಾರು, ನೀನು ಇಪ್ಪತ್ತು’ ಎಂದು ಕೈ ತೋರಿಸುವುದು. ಆಮೇಲೆ ಅವರಿಗೂ ನನಗೂ ಖಲಾಸ್. ಕೋಣೆಯ ಹಳಬರು ಹೊಸಬನನ್ನು ಕಳ್ಳನನ್ನು ನೋಡಿದ ಹಾಗೆ ನೋಡುತ್ತಿದ್ದರು. ಅವರ ತಪ್ಪೂ ಇರಲಿಲ್ಲ. ಅವನು ಬಂದನೆಂದರೆ ಫೋನ್ ಚಾರ್ಜಿಗೆ ಹಾಕುವ ಜಾಗ ಹಂಚಬೇಕು, ಒಲೆಯ ಮುಂದಿನ ಸರದಿ ಇನ್ನಷ್ಟು ಹಿಂದೆ ಹೋಗುತ್ತದೆ. ಏಸಿಯ ನೀರು ತೊಟ್ಟಿಕ್ಕುವ ಮಂಚ ಯಾವಾಗಲೂ ಹೊಸಬನ ಪಾಲಿಗೆ ಬರುತ್ತಿತ್ತು. ವಾರಕ್ಕೊಂದು ಜಗಳ ಖಾತ್ರಿ, ಬಹುತೇಕ ಅಡುಗೆಮನೆಯಲ್ಲಿ.

ಅಂಥ ಒಂದು ಬಸ್ಸಿನಲ್ಲಿ ಅವನು ಬಂದ. ಬರ್ಮಾದ ಪಾಸ್‌ಪೋರ್ಟು, ಮೂವತ್ತೈದರ ಆಸುಪಾಸು, ಗಿಡ್ಡ ಮೈ, ದೊಡ್ಡ ಅಂಗೈ. ಅವನ ಜೊತೆ ಅವನದೇ ಜನ ಇನ್ನೂ ಮೂವರಿದ್ದರು. ದಿಂಬು ಕೊಡಲು ಹೋದರೆ ಕೈ ಚಾಚಲಿಲ್ಲ. ಸ್ಪಷ್ಟ ಇಂಗ್ಲಿಷಿನಲ್ಲಿ ಕೇಳಿದ: “ಇಲ್ಲಿ ನಿಮ್ಮ ಬಡಾವಣೆಯ ಹಿರಿಯ ಯಾರು?”

“ನಾನೇ. ಕ್ಯಾಂಪ್ ಬಾಸ್.”

“ನಿಮ್ಮನ್ನು ಯಾರು ಆರಿಸಿದ್ದು?”

ನಾನು ನಕ್ಕೆ. ಬಸ್ಸಿನ ಡ್ರೈವರ್ ಕಾಕನೂ ನಕ್ಕ. ಅವನು ಉಪ್ಪಿನಂಗಡಿ ಕಡೆಯ ಬ್ಯಾರಿ, ನನಗಿಂತ ಹತ್ತು ವರ್ಷ ದೊಡ್ಡವನು, ಕ್ಯಾಂಪಿನಲ್ಲಿ ಕನ್ನಡದಲ್ಲಿ ಮನಸ್ಸು ಬಿಚ್ಚಿ ಮಾತಾಡಲು ನನಗಿದ್ದ ಒಂದೇ ಜೀವ. “ಎಂತ ಮಾರಾಯ್ರೆ, ಓಟು ಹಾಕಿಸ್ಬೇಕಾ ಈಗ ನಿಮ್ಗೆ?” ಎಂದ. ಬಂದವನು ನಗಲಿಲ್ಲ. ನಿಜವಾಗಿಯೂ ಉತ್ತರ ಬೇಕಿತ್ತು ಅವನಿಗೆ.

ಅವನು ಕರೆನ್ ಎಂಬ ಜನದವನು. ಬರ್ಮಾದ ಪೂರ್ವದ ಗುಡ್ಡಗಳು ಅವರ ನೆಲ. ಸೈನ್ಯ ಊರು ಸುಟ್ಟಾಗ ಅವನಿಗೆ ನಾಲ್ಕು ವರ್ಷ. ತಾಯಿ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆ ದಾಟಿ ಥಾಯ್ಲೆಂಡಿನ ಗಡಿಯ ನಿರಾಶ್ರಿತರ ಶಿಬಿರಕ್ಕೆ ಬಂದಿದ್ದಳು. ಇಪ್ಪತ್ತು ವರ್ಷ ಅವನು ಬೆಳೆದದ್ದು ಅಲ್ಲೇ. ಇಂಗ್ಲಿಷು ಶಿಬಿರದ ಶಾಲೆಯಲ್ಲಿ ಬಂದದ್ದು. ನಡುವೆ ದೇಶದಲ್ಲಿ ಕೆಲವು ವರ್ಷ ಗಲಾಟೆ ತಣ್ಣಗಾದಾಗ ಅಪ್ಪನ ಊರಿಗೆ ಮರಳಿ, ಕಾಗದಪತ್ರ ಮಾಡಿಸಿಕೊಂಡಿದ್ದ. ಸೈನ್ಯ ಮತ್ತೆ ಆಡಳಿತ ಹಿಡಿದ ಮೇಲೆ ಏಜೆಂಟನ ಮೂಲಕ ಇಲ್ಲಿಗೆ.

ಇದೆಲ್ಲ ನನಗೆ ತಿಳಿದದ್ದು ಒಂದು ವಾಸನೆಯ ಜಗಳದಿಂದ. ಅವರು ನಾಲ್ವರೂ ಮೀನು ಕೊಳೆಸಿ ಮಾಡಿದ ಒಂದು ಗೊಜ್ಜನ್ನು ಅನ್ನಕ್ಕೆ ಕಲಸುತ್ತಿದ್ದರು. ಬಿಸಿ ಮಾಡಿದರೆ ಅಡುಗೆಮನೆ ಪೂರ್ತಿ ನಾರುತ್ತಿತ್ತು. ಹಪ್ಪಳ ಕರಿಯಲು ನಿಂತಿದ್ದ ಒಬ್ಬ ಅವರ ಪಾತ್ರೆ ಎತ್ತಿ ಹೊರಗೆಸೆದ. ಹೊಡೆದಾಟವೇ ಆಗುತ್ತದೆಂದು ನಾನು ಓಡಿದೆ. ಆದರೆ ಅವನು ಪಾತ್ರೆ ಎತ್ತಿಕೊಂಡು ಬಂದು, ಎಸೆದವನ ಮುಂದೆ ನಿಂತು, “ಯಾವ ಒಲೆ, ಯಾವ ಹೊತ್ತು ಅಂತ ಹೇಳು. ಅಲ್ಲೇ ಮಾಡುತ್ತೇವೆ” ಎಂದ. ಬಾಗಿಲ ಪಕ್ಕದ ಕೊನೆಯ ಒಲೆ, ಎಲ್ಲರದೂ ಆದ ಮೇಲೆ ಎಂದು ತೀರ್ಮಾನವಾಯಿತು. ಕಾಕ ಬೆರಳಲ್ಲಿ ಆ ಗೊಜ್ಜನ್ನು ನೆಕ್ಕಿ ನೋಡಿ, “ನಮ್ಮ ಒಣಮೀನಿನ ಚಟ್ನಿಗೆ ಇದು ಹತ್ತಿರದ ಸಂಬಂಧ ಉಂಟು” ಎಂದಾಗ ಪಾತ್ರೆ ಎಸೆದವನೂ ನಕ್ಕ.

ಮಾರನೇ ದಿನ ನನ್ನ ಆಫೀಸಿಗೆ, ಅಂದರೆ ಪಂಪಿನ ಪಕ್ಕದ ತಗಡಿನ ಡಬ್ಬಿಗೆ, ಅವನನ್ನು ಕರೆದು ಚಹಾ ಕೊಟ್ಟೆ. ಅವನ ಶಿಬಿರದಲ್ಲಿ ಬಡಾವಣೆಗೊಬ್ಬ ಹಿರಿಯನನ್ನು ಜನರೇ ಆರಿಸುತ್ತಿದ್ದರಂತೆ. ಅವನ ತಾಯಿಯೂ ಒಮ್ಮೆ ಆಯ್ಕೆಯಾಗಿದ್ದಳಂತೆ. ಹೊಳೆ ದಾಟಿ ಹೊಸಬರು ಬಂದರೆ ಮೊದಲು ಅವರನ್ನು ಕೂರಿಸಿ ಅನ್ನ ಹಾಕಬೇಕು. ಹೆಸರು, ಊರು ಕೇಳುವುದು ಆಮೇಲೆ.

“ಹಸಿದವರು ಹೆಸರನ್ನೂ ತಪ್ಪಾಗಿ ಹೇಳುತ್ತಾರೆ ಅಂತ ಅಮ್ಮ ಹೇಳುತ್ತಿದ್ದಳು,” ಎಂದ.

“ಅಕ್ಕಿ ಎಲ್ಲಿಂದ?”

“ಹೊಸಬರ ಹೆಸರು ರೇಷನ್ನಿಗೆ ಏರಲು ವರ್ಷಗಳೇ ಬೇಕು. ಕೆಲವರದು ಏರುವುದೇ ಇಲ್ಲ. ಅಲ್ಲಿಯವರೆಗೆ ಮನೆಗೊಂದು ಡಬ್ಬಿ ಅಕ್ಕಿ. ನಮ್ಮದೇ ರೇಷನ್ ಕಡಿಮೆ ಮಾಡಿದ ವರ್ಷವೂ ಕೊಟ್ಟಿದ್ದೇವೆ. ಆಗ ಅಮ್ಮನನ್ನು ಜನ ಬಹಳ ಬೈದರು.”

ಅವನು ತನ್ನ ಶಿಬಿರವನ್ನು ಹೊಗಳಲಿಲ್ಲ. ಬೇಲಿ ದಾಟಿದರೆ ಹಿಡಿಯುತ್ತಿದ್ದರು, ಕುಡಿದು ಹೆಂಡತಿಯನ್ನು ಹೊಡೆಯುವವರಿದ್ದರು, ಬೇಸಿಗೆಯಲ್ಲಿ ಬಿದಿರು ಮನೆಗಳು ಸಾಲಾಗಿ ಉರಿಯುತ್ತಿದ್ದವು ಎಂದ. ಆದರೆ ನೂರ ಅರವತ್ತು ಜನ ಇದ್ದೂ ಯಾರೂ ಯಾರನ್ನೂ ಕೇಳದ ಜಾಗವನ್ನು ಅವನು ನೋಡಿದ್ದು ಇಲ್ಲೇ ಮೊದಲು.

ಎರಡು ತಿಂಗಳಲ್ಲಿ ಕೋಣೆಗೊಬ್ಬ ಹಿರಿಯ ಬಂದ. ವಯಸ್ಸಿನಲ್ಲಿ ಹಿರಿಯನಲ್ಲ, ನಾಲ್ವರಲ್ಲಿ ಮೂವರು ಯಾರನ್ನು ಒಪ್ಪುತ್ತಾರೋ ಅವನು. ಇದನ್ನು ಮಾಡಿಸಿದ್ದು ಆ ಕರೆನ್ ಮನುಷ್ಯ. ಸಂಜೆ ಕೆಲಸದಿಂದ ಬಂದು, ಸ್ನಾನ ಮಾಡಿ, ಕೋಣೆ ಕೋಣೆಗೆ ಹೋಗಿ ಕೂತು ಮಾತಾಡಿ ಮಾಡಿಸಿದ. ನೇಪಾಳದವರು, ಬಂಗಾಳದವರು, ನಮ್ಮ ಬಿಜಾಪುರ, ಕಲಬುರಗಿಯವರು ಎಲ್ಲರೂ ಒಪ್ಪಿದರು. ಒಲೆಗೆ ಸರದಿ ಬಂತು. ಹೊಸಬರ ಬಸ್ಸು ಬಂದರೆ ಇಬ್ಬರು ಹಿರಿಯರು ಗೇಟಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತಿರುತ್ತಿದ್ದರು. ಮೊದಲ ದಿನದ ಊಟ ಕೋಣೆಯವರದು. ತೊಟ್ಟಿಕ್ಕುವ ಮಂಚಕ್ಕೆ ತಿಂಗಳಿಗೊಬ್ಬರಂತೆ ಸರದಿ. ನನಗೆ ಬೈಗುಳ ಕಡಿಮೆಯಾಯಿತು. ನಾನು ಹಿರಿಯರ ಹೆಸರನ್ನೆಲ್ಲ ಟೈಪ್ ಮಾಡಿ ಬೋರ್ಡಿಗೆ ಅಂಟಿಸಿದೆ. ಅದನ್ನು ನೋಡಿ ಅವನು, “ಅಮ್ಮ ಹೆಸರುಗಳನ್ನು ತಲೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಕಾಗದ ಯಾರ ಕೈಗೆ ಹೋಗುತ್ತದೆ ಗೊತ್ತಿರುವುದಿಲ್ಲ” ಎಂದ. ನಾನು, “ಇದು ಯುದ್ಧಭೂಮಿ ಅಲ್ಲ ಮಾರಾಯ” ಎಂದೆ.

ಆ ಚಳಿಗಾಲದಲ್ಲಿ, ಪಟ್ಟಣದ ಅಲ್ ಹಿಲಾಲ್‌ನಲ್ಲಿರುವ ಕಂಪನಿ ಆಫೀಸಿನಿಂದ ಮ್ಯಾನೇಜರ್ ಬಂದು ಕ್ಯಾಂಪ್ ನೋಡಿದ. ಅಡುಗೆಮನೆ ಚೊಕ್ಕ, ಜಗಳದ ದೂರಿಲ್ಲ. “ಇದು ಯಾರ ಐಡಿಯಾ?” ಎಂದು ಕೇಳಿದ.

“ನಂದೇ ಸರ್,” ಎಂದೆ.

ಬಾಯಿಂದ ಅಷ್ಟು ಸಲೀಸಾಗಿ ಬಂತು. ಕಾಕ ಪಕ್ಕದಲ್ಲೇ ಇದ್ದ, ಕನ್ನಡಕ ತೆಗೆದು ಒರೆಸತೊಡಗಿದ. ಆಫೀಸಿನಲ್ಲಿ ನನಗೆ ಕೈ ತಟ್ಟಿದರು, ಚೌಕಟ್ಟು ಹಾಕಿದ ಒಂದು ಪ್ರಶಸ್ತಿ ಪತ್ರ ಕೊಟ್ಟರು. ಅವನಿಗೆ ತೋರಿಸಿದೆ. “ಒಳ್ಳೆಯದು. ಈಗ ಎರಡನೇ ಪಂಪು ಕೇಳಿ, ಕೊಡುತ್ತಾರೆ” ಎಂದ. ಅವನ ಮುಖದಲ್ಲಿ ಬೇರೇನಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಅದರಿಂದ ನನಗೆ ಇನ್ನೂ ಕಿರಿಕಿರಿಯಾಯಿತು.

ಮುಂದಿನ ಬೇಸಿಗೆ. ಕಂಪನಿಗೆ ದೊಡ್ಡ ಕೆಲಸವೊಂದು ಸಿಕ್ಕಿ ಒಮ್ಮೆಲೇ ನೂರಕ್ಕೂ ಹೆಚ್ಚು ಜನ ಬರುವವರಿದ್ದರು. ಹೊಸ ಕ್ಯಾಂಪ್ ಇನ್ನೂ ಎದ್ದಿರಲಿಲ್ಲ. “ಕೋಣೆಗೆ ಏಳು ಮಂದಿ ಹಾಕು. ನೆಲಕ್ಕೆ ಹಾಸಿಗೆ. ಎರಡೇ ವಾರ,” ಎಂದು ಮ್ಯಾನೇಜರ್ ಫೋನಿನಲ್ಲಿ ಹೇಳಿದ. ನಾನು ಹಿರಿಯರನ್ನು ಕರೆದು ಹೇಳಿದೆ. ಅವರು ತಮ್ಮಲ್ಲೇ ಮಾತಾಡಿಕೊಂಡು ಮ್ಯಾನೇಜರಿಗೆ ಒಂದು ಪತ್ರ ಬರೆದರು. ಬರುವವರ ಮೇಲೆ ನಮಗೆ ಸಿಟ್ಟಿಲ್ಲ, ಅವರು ನಮ್ಮವರೇ. ಐದನೆಯವನಿಗೆ ಜಾಗ ಮಾಡುತ್ತೇವೆ. ಅದಕ್ಕಿಂತ ಹೆಚ್ಚಾದರೆ ಏಸಿ ತಡೆಯುವುದಿಲ್ಲ, ನೀರು ಸಾಲುವುದಿಲ್ಲ, ಬಿಸಿಲಲ್ಲಿ ದುಡಿದು ಬಂದವರಿಗೆ ನಿದ್ದೆ ಇರುವುದಿಲ್ಲ. ಉಳಿದವರಿಗೆ ಬೇರೆ ಜಾಗ ನೋಡಿ. ಇಷ್ಟೇ. ಕೆಳಗೆ ನಲವತ್ತು ಸಹಿ. ಕೆಲವು ಬರೀ ಹೆಬ್ಬೆಟ್ಟು.

ಮ್ಯಾನೇಜರ್ ನನ್ನನ್ನು ಅಲ್ ಹಿಲಾಲಿಗೆ ಕರೆಸಿದ. ಮೇಜಿನ ಮೇಲೆ ಎರಡು ಕಾಗದ. ಒಂದು ಆ ಪತ್ರ. ಇನ್ನೊಂದು, ಹೆಂಡತಿ ಮಗಳನ್ನು ಕರೆಸಿಕೊಳ್ಳಲು ನಾನು ಕೊಟ್ಟಿದ್ದ ಅರ್ಜಿ. ಅದಕ್ಕೆ ಕಂಪನಿಯ ಒಪ್ಪಿಗೆ ಬೇಕಿತ್ತು. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಳು. ಅವಳು ಹುಟ್ಟುವ ಮೊದಲೇ ಈ ಕಡೆ ದುಡಿಯಲು ಬಂದ ನಾನು, ಒಟ್ಟು ಲೆಕ್ಕ ಹಾಕಿದರೂ ಅವಳೊಂದಿಗೆ ಒಂದು ವರ್ಷ ಇದ್ದವನಲ್ಲ.

“ಇದು ಯೂನಿಯನ್ ಆಟ. ಶುರು ಮಾಡಿದವನು ಯಾರು?”

ನಾನು ನನ್ನ ಅರ್ಜಿಯನ್ನೇ ನೋಡುತ್ತಿದ್ದೆ.

“ಹೋದ ಸಲ ನಿನ್ನ ಐಡಿಯಾ ಅಂದಿದ್ದೆ. ಹಾಗಾದರೆ ಪತ್ರವೂ ನಿನ್ನದೇ ಅಂತ ಬರೆದುಕೊಳ್ಳಲಾ?”

“ಇಲ್ಲ ಸರ್. ಐಡಿಯಾ ನಂದಲ್ಲ,” ಎಂದೆ. ಆಮೇಲೆ ಶುರು ಮಾಡಿದವನ ಹೆಸರು, ಕೋಣೆಯ ನಂಬರ್ ಹೇಳಿದೆ.

ಆ ವಿಷಯದಲ್ಲಿ ನಾನು ಸತ್ಯ ಹೇಳಿದ್ದು ಅದೇ ಮೊದಲು.

ನಾಲ್ಕನೇ ದಿನ ಅವನ ವೀಸಾ ರದ್ದಾಗಿ ಟಿಕೆಟ್ ಬಂತು. ಮಧ್ಯಾಹ್ನದ ವಿಮಾನ. ಕಾಕನ ವ್ಯಾನಿನಲ್ಲಿ ಕರೆದುಕೊಂಡು ಹೋಗುವ ಕೆಲಸ ನನ್ನದೇ. ದೇಶಕ್ಕೆ ಇಳಿದರೆ ಅವನ ವಯಸ್ಸಿನವರನ್ನು ಹಿಡಿದು ಸೈನ್ಯಕ್ಕೆ ಸೇರಿಸುತ್ತಾರೆ ಎಂದು ಅವನ ಮೂವರು ಗೆಳೆಯರು ಹಿಂದಿನ ದಿನ ನನ್ನ ಡಬ್ಬಿಯ ಮುಂದೆ ನಿಂತು ಹೇಳಿದ್ದರು. ಅವನ ಊರು ಸುಟ್ಟ ಅದೇ ಸೈನ್ಯಕ್ಕೆ. ಮೇಲಿನವರ ತೀರ್ಮಾನ, ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಕಳಿಸಿದ್ದೆ.

ವ್ಯಾನು ಅರ್ಧ ದಾರಿ ದಾಟಿತ್ತು. ಅವನು ಕೇಳಿದ: “ನಲವತ್ತು ಸಹಿ ಇತ್ತು. ನಾನೊಬ್ಬನೇ ಹೇಗೆ ಗೊತ್ತಾದೆ?”

“ನನಗೇನು ಗೊತ್ತು,” ಎಂದೆ. ಕನ್ನಡಿಯಲ್ಲಿ ಕಾಕನ ಕಣ್ಣು ಒಮ್ಮೆ ನನ್ನ ಮೇಲೆ ಬಂದು ಹೋಯಿತು.

ಅವನು ತಲೆಯಾಡಿಸಿದ. “ಇಪ್ಪತ್ತೆರಡನೇ ಕೋಣೆಯಲ್ಲಿ ಸಕ್ಕರೆ ಕಾಯಿಲೆಯವನೊಬ್ಬ ಇದ್ದಾನೆ. ಅವನಿಗೆ ಒಲೆ ಬೇಗ ಸಿಗಬೇಕು. ಎಲ್ಲರಿಗೂ ಹೇಳಿದ್ದೇನೆ, ನೀವೂ ನೋಡಿಕೊಳ್ಳಿ.” ಇಳಿದು, ಚೀಲ ಹೆಗಲಿಗೇರಿಸಿ, ನನ್ನ ಕೈ ಕುಲುಕಿ ಒಳಗೆ ಹೋದ.

ತಿರುಗಿ ಬರುವಾಗ ಕಾಕ ಕೇಳಿದ, “ನೀವೇ ಅಲ್ವಾ ಹೇಳಿದ್ದು?”

“ಹೌದ್ರಿ ಕಾಕಾ. ಏನ್ ಮಾಡ್ಲಿ, ಹೇಳ್ರಿ? ಮಗಳ ಕಾಗದ ಮ್ಯಾನೇಜರನ ಕೈಯಾಗಿತ್ತು.”

“ನಾನು ಎಂತ ಹೇಳುದು. ನಂಗೂ ಮಕ್ಳುಂಟು,” ಎಂದ. ಗೇರ್ ಬದಲಿಸುತ್ತ, “ಆದ್ರೆ ಅವ ಕೇಳಿದಾಗ ಹೌದು ಅನ್ಬೋದಿತ್ತು ನೀವು. ಅವ ನಿಮ್ಮನ್ನ ಹೊಡೀತಿರ್ಲಿಲ್ಲ.”

ಅಂದಿನಿಂದ ಕಾಕ ನನ್ನ ಡಬ್ಬಿಗೆ ಚಹಾಕ್ಕೆ ಬರುವುದನ್ನು ನಿಲ್ಲಿಸಿದ. ಜಗಳವೇನಿಲ್ಲ. ಸಲಾಂ ಹೇಳುತ್ತಾನೆ, ಬಸ್ಸು ಓಡಿಸುತ್ತಾನೆ.

ಹೊಸಬರು ಬಂದರು. ಏಳೇಳು ಮಂದಿ ಒಂದೊಂದು ಕೋಣೆಯಲ್ಲಿ. ಎರಡು ವಾರ ಐದು ತಿಂಗಳಾಯಿತು. ಗೇಟಿನಲ್ಲಿ ನೀರು ಹಿಡಿದು ಯಾರೂ ನಿಲ್ಲಲಿಲ್ಲ. ಬೋರ್ಡಿನ ಮೇಲಿದ್ದ ಹೆಸರುಗಳನ್ನು ಯಾರೋ ಒಂದೊಂದಾಗಿ ಗೀಚಿ ಹಾಕಿದ್ದರು, ಅವರವರೇ ಇರಬೇಕು. ಒಂದು ಸಂಜೆ ಒಲೆಯ ಸರದಿಗೆ ಜಗಳವಾಗಿ ಕಾದ ಎಣ್ಣೆ ಬಿದ್ದು ಒಬ್ಬನ ಮುಂಗೈ ಸುಟ್ಟಿತು. ಅವನು ಕಲಬುರಗಿಯವನು, ಬಂದು ಹನ್ನೆರಡು ದಿನವಾಗಿತ್ತು. ಆಸ್ಪತ್ರೆಯಲ್ಲಿ ನನ್ನನ್ನು ಕೇಳಿದ: “ಅಣ್ಣಾರ, ಇಲ್ಲಿ ನಮ್ಮನ್ನ ಕೇಳಾವ್ರು ಯಾರೂ ಇಲ್ಲೇನ್ರಿ?” ನಾನಿದ್ದೇನೆ ಎಂದೆ. ಅವನು ಮುಖ ಆ ಕಡೆ ತಿರುಗಿಸಿದ.

ನನ್ನ ಅರ್ಜಿ ಒಪ್ಪಿಗೆಯಾಯಿತು. ಪಟ್ಟಣದ ಬಿನ್ ಮಹಮೂದ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟ್ ಹಿಡಿದೆ. ಹೆಂಡತಿ ಮಗಳು ಬಂದರು. ಮಗಳು ನನ್ನನ್ನು ಅತಿಥಿಯನ್ನು ಕಂಡಂತೆ ಕಾಣುತ್ತಾಳೆ, ಊಟಕ್ಕೆ ಕರೆಯುವಾಗಲೂ ಬಾಗಿಲು ತಟ್ಟುತ್ತಾಳೆ. ಹೆಂಡತಿಗೆ ಒಂದು ದಿನ ಇದನ್ನೆಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. “ಈಗ್ಯಾಕ ಹೇಳ್ತೀರಿ? ನಾ ಬರೂಕಿಂತ ಮೊದಲ ಹೇಳಿದ್ರ ಬರೂದೋ ಬ್ಯಾಡೋ ವಿಚಾರ ಮಾಡ್ತಿದ್ದೆ,” ಎಂದಳು.

ಅವನ ಮೆಸೇಜ್ ಬಂದದ್ದು ಎಂಟು ತಿಂಗಳ ಮೇಲೆ, ಥಾಯ್ಲೆಂಡಿನ ನಂಬರಿನಿಂದ. ವಿಮಾನ ಇಳಿದ ಮೂರನೇ ವಾರವೇ ಊರು ಬಿಟ್ಟು, ನಡೆದು, ಹೊಳೆ ದಾಟಿದನಂತೆ. ಬೆಳೆದ ಶಿಬಿರದಲ್ಲೇ ಇದ್ದಾನೆ. ತಾಯಿ ತೀರಿಕೊಂಡಿದ್ದಾಳೆ. ಇವನೀಗ ಹೊಸಬ, ಹೆಸರು ಯಾವ ಕಾಗದಕ್ಕೂ ಏರಿಲ್ಲ. ಹಳಬರ ರೇಷನ್ನೇ ಕಡಿಮೆಯಾಗಿರುವುದರಿಂದ ಡಬ್ಬಿ ಅಕ್ಕಿ ಎತ್ತುವ ಪದ್ಧತಿ ನಿಂತಿದೆ. ತಾಯಿಯ ಗೆಳತಿಯೊಬ್ಬಳ ಮನೆಯ ಜಗಲಿಯಲ್ಲಿ ಮಲಗುತ್ತಾನೆ, ಬೇಲಿ ನುಸುಳಿ ಜೋಳದ ಹೊಲಕ್ಕೆ ಕೂಲಿಗೆ ಹೋಗುತ್ತಾನೆ. ಕೊನೆಗೆ ಸಕ್ಕರೆ ಕಾಯಿಲೆಯವನು ಹೇಗಿದ್ದಾನೆ ಎಂದು ಕೇಳಿದ್ದ.

ಆ ಮನುಷ್ಯ ಕ್ಯಾಂಪ್ ಬಿಟ್ಟು ಊರಿಗೆ ಹೋಗಿದ್ದು ನನಗೆ ಗೊತ್ತಾದದ್ದೇ ಆಮೇಲೆ. ವಿಚಾರಿಸದೆಯೇ ‘ಚೆನ್ನಾಗಿದ್ದಾನೆ’ ಎಂದು ಬರೆದೆ. ಮತ್ತೆ ಬರೆದೆ: ‘ಹೆಸರು ಹೇಳಿದ್ದು ನಾನು.’

ಉತ್ತರ ಎರಡು ದಿನಕ್ಕೆ ಬಂತು. ‘ಗೊತ್ತು. ಆಫೀಸಿನವರ ಲೆಕ್ಕದಲ್ಲಿ ಐಡಿಯಾ ನಿಮ್ಮದು. ಅಲ್ಲ ಅಂತ ಅವರಿಗೆ ಹೇಳಬಲ್ಲವರು ನೀವೊಬ್ಬರೇ ಇದ್ದಿರಿ.’

ಅದಾದ ಮೇಲೆ ನಾನು ಬರೆದಿಲ್ಲ. ಅವನೂ ಮತ್ತೆ ಬರೆದಿಲ್ಲ. ನಾನು ಈಗಲೂ ಮೆಸಯೀದ್‌ಗೆ ಹೋಗಿ ಬರುತ್ತೇನೆ. ಬಸ್ಸು ಬಂದರೆ ತಲೆ ಎಣಿಸುತ್ತೇನೆ, ದಿಂಬು ಕೊಡುತ್ತೇನೆ. ಯಾರೂ ಏನೂ ಕೇಳುವುದಿಲ್ಲ. ಕೈ ಚಾಚಿ ತೆಗೆದುಕೊಳ್ಳುತ್ತಾರೆ.