ಮುಚ್ಚಳ ಮುಚ್ಚಿದಾಗ

ಮಣಿಪಾಲದ ಒಂದು ಸಣ್ಣ ಕಂಪೆನಿಯಲ್ಲಿ ಕುಶಲಾ ಹನ್ನೊಂದು ವರ್ಷಗಳಿಂದ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಕೂದಲಿಗಿಂತ ತೆಳ್ಳಗಿನ ಚಿನ್ನದ ತಂತಿಗಳನ್ನು ಮೈಕ್ರೋವೇವ್ ಸರ್ಕಿಟ್‌ಗಳಿಗೆ ಬೆಸೆಯುತ್ತಿದ್ದಳು. ಧೂಳು ಬೀಳಬಾರದೆಂದು ಅವಳು ಕೆಲಸ ಮಾಡುವ ಕೋಣೆಗೆ ಬೇರೆ ಯಾರೂ ಬರುತ್ತಿರಲಿಲ್ಲ. ವಯಸ್ಸು ನಲವತ್ತೆರಡು, ಮದುವೆಯಾಗಿರಲಿಲ್ಲ. ಕಾರ್ಕಳದಲ್ಲಿ ಅಮ್ಮ ತೀರಿಕೊಂಡ ಮೇಲೆ ಪರ್ಕಳದ ಬಾಡಿಗೆ ಕೋಣೆಯಿಂದ ಊರಿಗೆ ಹೋಗುವುದೂ ಕಡಿಮೆಯಾಗಿತ್ತು.

2002ರ ಜನವರಿಯಲ್ಲಿ ಸಿಗ್ನಲನ್ನು ಬಲಪಡಿಸುವ ಹೊಸ ಆಂಪ್ಲಿಫೈಯರ್ ಒಂದು ತಕರಾರು ಶುರುಮಾಡಿತು. ಲೋಹದ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಸರಿಯಾಗಿ ನಡೆಯುತ್ತಿತ್ತು. ಮುಚ್ಚಿ ಸ್ಕ್ರೂ ಬಿಗಿದರೆ ಸಾಕು, ಸಿಗ್ನಲ್ ಕೊಡದಿದ್ದರೂ ತಾನಾಗಿಯೇ ಸಿಗ್ನಲ್ ಹುಟ್ಟಿಸುತ್ತಿತ್ತು; ಪರೀಕ್ಷಾ ಯಂತ್ರದ ಪರದೆಯ ಮೇಲೆ ಇರಬಾರದ ಕಡೆ ಒಂದು ಗೆರೆ ನೆಟ್ಟಗೆ ಏಳುತ್ತಿತ್ತು. ವಿನ್ಯಾಸ ಮಾಡಿದ ಎಂಜಿನಿಯರ್ ಗುರಲಿಂಗಪ್ಪ ಬಿಜಾಪುರದ ಕಡೆಯವನು, ಮುಂಗೋಪಿ.

“ನಿಮ್ಮ ತಂತಿ ಉದ್ದ ಆಗ್ಯಾವ ನೋಡ್ರಿ, ಮತ್ತೊಮ್ಮೆ ಹಾಕ್ರಿ,” ಎಂದ, ಎಲ್ಲರೆದುರು.

“ಅಳತೆ ಸರಿ ಉಂಟು ಸರ್.”

“ಹಂಗಾದ್ರ ಯಾಕ ಹಿಂಗಾಗ್ತದ?”

ಕುಶಲಾ ಮೂರು ಸಲ ತಂತಿ ಕಿತ್ತು ಹೊಸದಾಗಿ ಹಾಕಿದಳು. ಮೂರು ಸಲವೂ ಅದೇ ಕತೆ.

ಆ ಶನಿವಾರ ಕಂಪೆನಿಯವರೆಲ್ಲ ಕಾಪು ಬೀಚಿಗೆ ಹೊರಟರು. ಕುಶಲಾ ತಲೆನೋವೆಂದು ಹೇಳಿ ಉಳಿದಳು. ಬಸ್ಸು ಹೋದ ಮೇಲೆ ಪರೀಕ್ಷೆ ನಡೆಸುವ ಕೋಣೆಯಲ್ಲಿ ಆಂಪ್ಲಿಫೈಯರಿಗೆ ಕರೆಂಟ್ ಕೊಟ್ಟು, ಮೈಕ್ರೋವೇವ್ ಅಲೆಗಳನ್ನು ಹೀರಿಕೊಳ್ಳುವ ಕಪ್ಪು ರಬ್ಬರಿನ ಉಗುರಗಲದ ತುಂಡನ್ನು ಮುಚ್ಚಳದ ಒಳಮೈಗೆ ಅಂಟಿಸಿದಳು. ಮುಚ್ಚಿದಳು. ಗೆರೆ ಹಾಗೆಯೇ ಇತ್ತು. ಕಿತ್ತು, ಸ್ವಲ್ಪ ಪಕ್ಕಕ್ಕೆ ಅಂಟಿಸಿ, ಮತ್ತೆ ಮುಚ್ಚಿದಳು. ಹೀಗೆ ಮಧ್ಯಾಹ್ನ ದಾಟಿತು. ಹದಿನೇಳನೆಯ ಸಲ ಗೆರೆ ಸಪಾಟಾಗಿ ಮಲಗಿತು.

ಆ ಜಾಗದ ಕೆಳಗೆ ಏನಿದೆಯೆಂದು ನೋಡಿದಳು. ಸಿಗ್ನಲ್ ಹೊರಹೋಗುವ ಲೋಹದ ಪಟ್ಟಿ ತಿರುವಿನಲ್ಲಿ ಒಳಬರುವ ಪಟ್ಟಿಯ ಪಕ್ಕಕ್ಕೇ ಬಂದಿತ್ತು. ಒಂದಕ್ಕೊಂದು ಮುಟ್ಟಿರಲಿಲ್ಲ. ಆದರೂ ಹೊರಹೋಗಬೇಕಾದದ್ದು ಮುಚ್ಚಳಕ್ಕೆ ಬಡಿದು ಮರಳಿ ಒಳಗಿನದಕ್ಕೆ ಸೇರಿಕೊಳ್ಳುತ್ತಿತ್ತು.

“ಸಿಕ್ಕಿತು!” ಎಂದು ಗಟ್ಟಿಯಾಗಿಯೇ ಹೇಳಿ ತಿರುಗಿದಳು. ಖಾಲಿ ಕುರ್ಚಿಗಳಿದ್ದವು.

ಸಂಜೆ ಪರ್ಕಳದ ಎಸ್‌ಟಿಡಿ ಬೂತಿನಿಂದ ಅಣ್ಣ ರೇಮಂಡನ ಮನೆಗೆ ಫೋನ್ ಮಾಡಿದಳು. ಅಣ್ಣ ಇರಲಿಲ್ಲ, ಅತ್ತಿಗೆ ಎತ್ತಿದಳು.

“ಎಂತ ಕುಶಲಾ, ಹುಷಾರಿಲ್ವಾ?”

“ಹುಷಾರಿದ್ದೇನೆ. ಇವತ್ತು ಒಂದು ವಿಷಯ ಆಯ್ತು ಅತ್ತಿಗೆ. ಎರಡು ಪಟ್ಟಿ ತೀರಾ ಹತ್ತಿರ ಇತ್ತು...”

“ಎಂತ ಪಟ್ಟಿ?”

ಕುಶಲಾ ಹೇಳತೊಡಗಿದಳು. ಆ ಕಡೆ ಕುಕ್ಕರ್ ಕೂಗಿತು.

“ಒಳ್ಳೇದಾಯ್ತಲ್ಲ ಮಾರಾಯ್ತಿ. ಅಣ್ಣ ಬಂದ್ರೆ ಹೇಳ್ತೇನೆ,” ಎಂದಳು ಅತ್ತಿಗೆ, ಪ್ರೀತಿಯಿಂದಲೇ.

ಸೋಮವಾರ ಕುಶಲಾ ತೋರಿಸಿದಾಗ ಗುರಲಿಂಗಪ್ಪ ರಬ್ಬರ್ ತುಂಡನ್ನು ತಾನೇ ಎರಡು ಸಲ ತೆಗೆದು ಅಂಟಿಸಿ ನೋಡಿದ. ಎರಡು ಪಟ್ಟಿಗಳನ್ನು ದೂರ ಸರಿಸಿ, ನಡುವೆ ಲೋಹದ ಗೋಡೆಯಿಟ್ಟು ಹೊಸದಾಗಿ ಮಾಡಿಸಲು ತಿಂಗಳು ಹಿಡಿಯಿತು. ಮುಚ್ಚಳ ಬಿಗಿದರೂ ಗೆರೆ ಏಳಲಿಲ್ಲ. ಆಗ ಅವನು ಎಲ್ಲರನ್ನೂ ಕರೆದು, “ತಂತಿ ತಪ್ಪಲ್ಲ, ನನ್ನ ಡ್ರಾಯಿಂಗಿನ್ಯಾಗ ತಪ್ಪಿತ್ತು. ಕುಶಲಾ ಅವರು ಕಂಡು ಹಿಡದಾರ,” ಎಂದ. ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ಎಲ್ಲಿ ನೋಡಬೇಕೆಂದು ತಿಳಿಯದೆ ಅವಳು ಕೈಯಲ್ಲಿದ್ದ ಚಿಮಟವನ್ನೇ ನೋಡುತ್ತ ನಿಂತಳು.

ಅಂದಿನಿಂದ ಪ್ರತಿ ಹೊಸ ಡ್ರಾಯಿಂಗ್ ಮೊದಲು ಅವಳಿಗೆ ಬರತೊಡಗಿತು. ಹತ್ತಿರವಾದ ಪಟ್ಟಿಗಳಿಗೆ ಕೆಂಪು ಗುರುತು ಹಾಕಿ, ಅಂಚಿನಲ್ಲಿ ಒಂದು ಪ್ರಶ್ನೆ ಬರೆದು ಕಳಿಸುತ್ತಿದ್ದಳು. ಅವನು ಅದರ ಕೆಳಗೆ ಉತ್ತರ ಬರೆಯುತ್ತಿದ್ದ. ಕೆಲವು ವಾರಗಳಲ್ಲಿ ಅವಳು ಬೇರೊಬ್ಬರೊಡನೆ ಆಡುತ್ತಿದ್ದ ಮಾತುಕತೆ ಅಷ್ಟೇ.