ರೈಲು ಬಂದರೆ ಕೈ ಎತ್ತಬೇಕು

ಬೀರೂರು ಸ್ಟೇಷನ್ನಿನ ಹಿಂದೆ, ಹಳಿಗೆ ಅಂಟಿಕೊಂಡಂತಿದ್ದ ಮನೆಯಲ್ಲಿ ಮಲ್ಲಿಕಾಂಬ ಟೈಪಿಂಗ್ ಕಲಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಮಕ್ಕಳಿಗೆ ಕಚೇರಿಯ ಕುರ್ಚಿಗೆ ಅದೇ ಹತ್ತಿರದ ದಾರಿ. ರೈಲು ಬಂದರೆ ಮಾತ್ರ ಮೇಜುಗಳೆಲ್ಲ ನಡುಗಿ ಅಕ್ಷರದ ಮೇಲೆ ಅಕ್ಷರ ಕೂರುತ್ತಿತ್ತು. ಹಾಳೆ ದಂಡವಾಗಬಾರದೆಂದು ಅವರೊಂದು ನಿಯಮ ಮಾಡಿದ್ದರು: ಸಿಳ್ಳೆ ಕೇಳಿದೊಡನೆ ಎಲ್ಲರೂ ಯಂತ್ರದಿಂದ ಕೈ ಎತ್ತಬೇಕು. ತಪ್ಪಿದರೆ ಬೆರಳಿಗೆ ರೂಲುದೊಣ್ಣೆ.

೧೯೭೮ರಲ್ಲಿ ಪಂಚನಹಳ್ಳಿಯ ಕರಿಬಸಮ್ಮ ಟೈಪಿಂಗ್ ಪರೀಕ್ಷೆಯಲ್ಲಿ ನಪಾಸಾದಳು. ತರಗತಿಗೇ ಚುರುಕಾದ ಹುಡುಗಿ. ಕಡೂರಿನ ಕಚೇರಿಯೊಂದರ ಟೈಪಿಸ್ಟ್ ಬರುವ ವರ್ಷ ನಿವೃತ್ತನಾಗುವವನಿದ್ದ. ಆ ಜಾಗದ ಮೇಲೆ ಅವಳ ಕಣ್ಣಿತ್ತು.

"ಏನಾಗಿತ್ತೇ ನಿಂಗೆ?" ಎಂದರು ಮಲ್ಲಿಕಾಂಬ.

"ತರೀಕೆರೇಲಿ ಪರೀಕ್ಷೆ ಹಾಲ್ ಪಕ್ಕಾನೇ ರೈಲು ಬಂತು ಮೇಡಂ. ಕೈ ಎತ್ಬಿಟ್ಟೆ. ಗೂಡ್ಸ್ ಗಾಡಿ. ಮುಗೀಲೇ ಇಲ್ಲ."

ಜೊತೆಗೆ ಬಂದಿದ್ದ ಅವಳ ಅಪ್ಪ ಲಕ್ಕಣ್ಣ ಸುಮ್ಮನಿರಲಿಲ್ಲ. "ರೈಲಿಗೆ ಸಲಾಮ್ ಹೊಡೆಯೋದು ಕಲ್ಸಿದ್ರಾ ಅಮ್ಮಾರೇ? ಇನ್ನೊಂದೇ ಸಲ ನೋಡ್ತೀನಿ. ಆಗ್ಲಿಲ್ಲಾಂದ್ರೆ ಇವ್ಳು ತೆಂಗಿನತೋಟಕ್ಕೆ ಬತ್ತಾಳೆ, ಅಷ್ಟೇಯ."

ಮಲ್ಲಿಕಾಂಬ ತಪ್ಪು ತಮ್ಮದೆನ್ನಲಿಲ್ಲ. ಮರುದಿನ ನಿಯಮವನ್ನೇ ತಿರುಗಿಸಿದರು: ರೈಲು ಬಂದಾಗ ಕೈ ಎತ್ತಿದವರಿಗೆ ಏಟು. ಹಾಳೆಗಳು ದಂಡವಾದವು. ಕರಿಬಸಮ್ಮನ ಕೈ ಮಾತ್ರ ಬಹಳ ದಿನ ತಾನಾಗಿಯೇ ಏಳುತ್ತಿತ್ತು.

"ಸಿಗ್ನಲ್ ಬಿತ್ತು ಕಣ್ರೇ!" ಎಂದು ಗೆಳತಿಯರು ನಗುತ್ತಿದ್ದರು.

ಮುಂದಿನ ಪರೀಕ್ಷೆಯೂ ತರೀಕೆರೆಯಲ್ಲೇ; ಯಂತ್ರವನ್ನು ಅಭ್ಯರ್ಥಿಗಳೇ ಒಯ್ಯಬೇಕಾಗಿದ್ದ ಕಾಲ. ಮಲ್ಲಿಕಾಂಬ ಅವರ ಒಂದು ಯಂತ್ರವನ್ನು ಲಕ್ಕಣ್ಣ ತಲೆಗೆ ಸಿಂಬೆ ಇಟ್ಟು ಹೊತ್ತು ತಂದ. ಅದರ ಗಂಟೆ ಒಡೆದಿತ್ತು; ಸಾಲು ಮುಗಿಯುವಾಗ 'ಟಿಣ್' ಎನ್ನುವ ಬದಲು ಒಡಕು ಪಾತ್ರೆ ಬಡಿದಂತೆ 'ಠಣ್' ಎನ್ನುತ್ತಿತ್ತು.

ಮಲ್ಲಿಕಾಂಬ, ಲಕ್ಕಣ್ಣ ಇಬ್ಬರೂ ಪರೀಕ್ಷೆ ಹಾಲ್‌ನ ಕಿಟಕಿಯಾಚೆ ನಿಂತರು. ಒಳಗೆ ಟೈಪಿನ ಸದ್ದು ಶುರುವಾಯಿತು. ಅಷ್ಟರಲ್ಲಿ ಸಿಳ್ಳೆ. ಮತ್ತೆ ಗೂಡ್ಸ್ ಗಾಡಿಯೇ. ನೆಲ ನಡುಗಿತು. ಮಲ್ಲಿಕಾಂಬ ಕಿವಿಗೊಟ್ಟರು. ಆ ಗದ್ದಲದೊಳಗೇ ಠಣ್. ಸ್ವಲ್ಪ ಹೊತ್ತಿಗೆ ಮತ್ತೆ ಠಣ್.

"ಹೊಡೀತಾವ್ಳೆ ಅಮ್ಮಾರೇ! ಇನ್ ನೀವು ಕೈ ಇಳಿಸ್ರಿ."

ಆಗಲೇ ಮಲ್ಲಿಕಾಂಬ ನೋಡಿಕೊಂಡದ್ದು. ಅವರ ಎರಡು ಕೈಗಳೂ ಎದೆಯ ಮಟ್ಟಕ್ಕೆ ಎದ್ದು ನಿಂತಿದ್ದವು.

ಕರಿಬಸಮ್ಮ ಪಾಸಾಗಿ ಕಡೂರಿನ ಆ ಕುರ್ಚಿಯಲ್ಲಿ ಕುಳಿತಳು. ಅಮ್ಮಾರು ಕೈ ಎತ್ತಿದ ಕಥೆಯನ್ನು ಲಕ್ಕಣ್ಣ ಬೀರೂರು ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಸೆರಗು ಸರಿಮಾಡಿಕೊಳ್ಳುತ್ತಿದ್ದೆ ಎಂಬುದು ಮಲ್ಲಿಕಾಂಬ ಅವರ ವಾದ.