ತೂಕದ ಮುಳ್ಳನ್ನು ನಂಬದ ಗುರುಮಲ್ಲಮ್ಮನವರು

ಕ್ಯಾನ್ಸರ್ ಚಿಕಿತ್ಸೆಯೆಂದರೆ ಔಷಧ, ಶಸ್ತ್ರಚಿಕಿತ್ಸೆ, ವಿಕಿರಣ ಎಂದಷ್ಟೇ ತಿಳಿದಿದ್ದ ನಮ್ಮ ಗಡಿ ಜಿಲ್ಲೆಯಲ್ಲಿ, ರೋಗಿಯ ಊಟದ ತಟ್ಟೆಯನ್ನೂ ಚಿಕಿತ್ಸೆಯ ಭಾಗವಾಗಿಸಿದ ಹಿರಿಮೆ ಆಹಾರ ತಜ್ಞೆ ಶ್ರೀಮತಿ ಗುರುಮಲ್ಲಮ್ಮನವರಿಗೆ ಸಲ್ಲಬೇಕು. ಭೀಮನಬೀಡಿನ ರೈತರ ಮನೆಯಲ್ಲಿ ಹುಟ್ಟಿ, ಗುಂಡ್ಲುಪೇಟೆಯಲ್ಲಿ ಹದಿನಾಲ್ಕು ವರ್ಷ ಸೇವೆ ಸಲ್ಲಿಸಿ, ಅವರು ಚಾಮರಾಜನಗರದ ನಮ್ಮ ಚಿಕಿತ್ಸಾ ಕೇಂದ್ರಕ್ಕೆ ಬಂದಾಗ ಕೈಯಲ್ಲಿದ್ದದ್ದು ಒಂದು ಅಳತೆ ಟೇಪು ಮತ್ತು ಕೈಹಿಡಿತದ ಬಲ ಅಳೆಯುವ ಸಣ್ಣ ಯಂತ್ರ. ರೋಗಿಗಳ ತೋಳಿಗೆ ಟೇಪು ಸುತ್ತುತ್ತಿದ್ದ ಅವರನ್ನು ಕಂಡು, 'ಮೇಡಂ ರವಿಕೆ ಹೊಲಿದುಕೊಡ್ತಾರಾ?' ಎಂದು ನಕ್ಕ ನರ್ಸುಗಳಲ್ಲಿ ನಾನೇ ಮೊದಲಿಗಳು.

ಮೂರು ವರ್ಷಗಳ ಹಿಂದೆ ಉಡಿಗಾಲದ ನನ್ನ ತಂದೆ ಚಿಕ್ಕಮಾದು ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದಾಯಿತು. ಎರಡು ಡೋಸ್ ಕೀಮೋ ಮುಗಿಯಿತು. ಮೂರನೆಯದಕ್ಕೆ ಕರೆತಂದು ನಾನೇ ತೂಕ ನೋಡಿದೆ. ಐವತ್ತೆಂಟು ಕೆ.ಜಿ., ಒಂದು ಗ್ರಾಮೂ ಇಳಿದಿಲ್ಲವೆಂದು ಬೀಗಿದೆ. ಗುರುಮಲ್ಲಮ್ಮನವರು ಅಪ್ಪನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು; ಬಿದ್ದ ಗುಳಿ ಮೇಲೇಳಲಿಲ್ಲ. "ಇದು ನೀರಿನ ತೂಕ, ಶಿವರಂಜಿನಿ. ತೋಳು ನೋಡಿ, ಮಾಂಸಖಂಡವೆಲ್ಲ ಕರಗಿದೆ. ಈ ಮೈ ಔಷಧ ತಡೆಯಲ್ಲ," ಎಂದರು. ಡಾಕ್ಟರಿಗೂ ಹೇಳಿ ಆ ಡೋಸನ್ನು ಎರಡು ವಾರ ಮುಂದೂಡಿಸಿಯೇಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. "ಅಷ್ಟರಲ್ಲಿ ಗಡ್ಡೆ ಬೆಳೆದರೆ ನೀವು ಹೊಣೆಯಾ?" ಎಂದು ವಾರ್ಡಿನ ಎದುರೇ ಕೂಗಾಡಿದೆ. ಅವರು ಟೇಪು ಸುತ್ತಿಕೊಂಡು ಮುಂದಿನ ಹಾಸಿಗೆಯ ರೋಗಿಯತ್ತ ಹೋದರು.

ಆ ಭಾನುವಾರ ಅವರೇ ಬಸ್ಸು ಹತ್ತಿ ಉಡಿಗಾಲಕ್ಕೆ ಬಂದು, ನೇರವಾಗಿ ನಮ್ಮ ಅಡುಗೆಮನೆಯಲ್ಲಿ ಕುಳಿತರು. ಅವ್ವ ಅಪ್ಪನಿಗೆ ತಿಂಗಳಿಂದ ಕೊಡುತ್ತಿದ್ದುದು ಪಥ್ಯದ ರವೆ ಗಂಜಿ, ಬ್ರೆಡ್ಡು ಮಾತ್ರ. ನರ್ಸಾದ ನಾನು ಒಂದು ದಿನವೂ ಆ ಪಾತ್ರೆಯ ಮುಚ್ಚಳ ತೆಗೆದು ನೋಡಿರಲಿಲ್ಲ.

"ಮೊಟ್ಟೆ, ಬಾಡು ತಿಂದ್ರೆ ಗಡ್ಡೆ ಬೆಳೀತದಂತಲ್ಲವ್ವಾ," ಎಂದಳು ಅವ್ವ.

"ನೀವು ಕೊಡ್ದಿದ್ರೂ ಗಡ್ಡೆ ತಿಂತದೆ ಕಣವ್ವ, ಅವರ ಮೈಯನ್ನೇ ತಿಂತದೆ. ಉಪಾಸ ಬಿದ್ದಿರೋದು ನಿಮ್ಮ ಯಜಮಾನ್ರು ಮಾತ್ರ."

ಅವ್ವ ಸೆರಗು ಬಾಯಿಗೊತ್ತಿಕೊಂಡು, "ನಾನೇ ಕೆಡಿಸ್ಬುಟ್ನಲ್ಲಾ," ಎಂದು ಅತ್ತಳು. ಗುರುಮಲ್ಲಮ್ಮನವರು ಅವಳ ಕೈ ಹಿಡಿದುಕೊಂಡು ಕುಳಿತರು. ಆಮೇಲೆ ಇಬ್ಬರೂ ಸೇರಿ ಮೆತ್ತಗಿನ ಮುದ್ದೆ, ಹುರುಳಿಕಾಳಿನ ಸಾರು, ಬೇಯಿಸಿದ ಮೊಟ್ಟೆ ಮಾಡಿದರು. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಊಟ, ಬೆಳಿಗ್ಗೆ ಸಂಜೆ ಬೀದಿಯಲ್ಲಿ ನಡಿಗೆ ಎಂದು ಕಟ್ಟಪ್ಪಣೆಯಾಯಿತು.

ಎರಡು ವಾರಕ್ಕೆ ಬಾವು ಇಳಿಯಿತು, ಕೈಹಿಡಿತ ಬಿಗಿಯಾಯಿತು. ಉಳಿದ ನಾಲ್ಕು ಡೋಸುಗಳೂ ಒಂದು ದಿನ ತಪ್ಪದೆ ಮುಗಿದವು. ಕಳೆದ ತಿಂಗಳ ಸ್ಕ್ಯಾನಿನಲ್ಲೂ ಗಡ್ಡೆಯ ಸುಳಿವಿಲ್ಲ. ವರದಿ ಓದಿ ನಾನು ಔಷಧದ ಸ್ಟೋರಿನೊಳಗೆ ಹೋಗಿ ಮನಸಾರೆ ಅತ್ತೆ. ಮೊಟ್ಟೆಯಿಂದಲೇ ವಾಸಿಯಾಯಿತೆಂದು ಬರೆದರೆ ಮೇಡಂ ಬೈಯುತ್ತಾರೆ. ವಾಸಿ ಮಾಡಿದ್ದು ಔಷಧ. ಅದನ್ನು ತಾಳಿಕೊಳ್ಳುವ ಮೈಯನ್ನು ಉಳಿಸಿಕೊಟ್ಟವರು ಇವರು. ಅಂದು ಕೂಗಾಡಿದ್ದಕ್ಕೆ ಇಂದು ಅವರ ಈ ಬೀಳ್ಕೊಡುಗೆ ಸಂಪುಟದಲ್ಲಿ, ಎಲ್ಲರೆದುರು, ಕ್ಷಮೆ ಕೇಳುತ್ತೇನೆ.

ನಿವೃತ್ತಿಯ ನಂತರ ವಾರಕ್ಕೆರಡು ದಿನ ಗುಂಡ್ಲುಪೇಟೆಯಲ್ಲಿ ರೋಗಿಗಳನ್ನು ನೋಡಲಿರುವ ಗುರುಮಲ್ಲಮ್ಮನವರಿಗೆ ಆಯಸ್ಸು, ಆರೋಗ್ಯ, ಹೊತ್ತಿಗೆ ಸರಿಯಾದ ಊಟ ಸದಾ ಒದಗಲಿ. ನಿಮ್ಮ ಕಡೆಯಿಂದ ಏನು ಬರೆಯಲೆಂದು ಅಪ್ಪನನ್ನೂ ಕೇಳಿದೆ.

"ಮೇಡಮ್ಮೋರು ಇನ್ನೊಂದ್ಸಲ ಬರ್ಲಿ ಅಂತ ಬರಿ ಕಣಮ್ಮಿ," ಎಂದರು. "ಬಸ್‌ಸ್ಟಾಪಿಗೆ ನಾನೇ ನಡ್ಕೊಂಡೋಗಿ ಕರ್ಕಂಬತ್ತೀನಿ."